ಮೂರನೇ ಕಣ್ಣು, ಅಂತಃಪ್ರಜ್ಞೆ ಮತ್ತು ಮನೆಯಲ್ಲಿ ಮಾಡಬಹುದಾದ ಸರಳ ಅಭ್ಯಾಸಗಳು: ತಿಳಿದವರು ದಯವಿಟ್ಟು ಹೇಳಿ

ಬೆಟಗೇರಿ ಟೀಚರ್

ಎಲ್ಲರಿಗೂ ನಮಸ್ಕಾರ. ನಾನು ಗದಗ-ಬೆಟಗೇರಿಯ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುತ್ತೇನೆ. ಕೆಲವು ತಿಂಗಳಿಂದ ಸಂಜೆ ದೀಪ ಹಚ್ಚಿದ ಮೇಲೆ ದೇವರ ಕೋಣೆಯಲ್ಲಿಯೇ ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಕೂಡುವ ರೂಢಿ ಮಾಡಿಕೊಂಡಿದ್ದೇನೆ. ಈಚೆಗೆ ಹಾಗೆ ಕೂತಾಗ ಹುಬ್ಬುಗಳ ನಡುವೆ ಬಿಗಿದಂತಾಗುತ್ತದೆ, ನೀಲಿ ಮತ್ತು ನೇರಳೆ ಬಣ್ಣದ ಬೆಳಕು ಕಾಣಿಸುತ್ತದೆ. ಸಂಬಂಧಿಕರೊಬ್ಬರು "ನಿಮ್ಮ ಮೂರನೇ ಕಣ್ಣು ತೆರೆಯುತ್ತಿದೆ, ಇನ್ನು ಮುಂದೆ ನಡೆಯುವುದೆಲ್ಲ ನಿಮಗೆ ಮೊದಲೇ ತಿಳಿಯುತ್ತದೆ" ಎಂದು ಹೇಳಿ, ಹಣ ಕಟ್ಟಿ ಸೇರುವ ಒಂದು ಶಿಬಿರದ ವಿವರ ಕಳಿಸಿದರು. ಇನ್ನೊಬ್ಬರು, ನಮ್ಮ ಭಾಗದ ಕೊಳವೆಬಾವಿ ನೀರಿನಲ್ಲಿರುವ ಫ್ಲೋರೈಡ್ ಮಿದುಳಿನ ಪೀನಿಯಲ್ ಗ್ರಂಥಿಯನ್ನು ಕಲ್ಲಾಗಿಸುತ್ತದೆ, ಅದಕ್ಕೇ ನಮ್ಮವರ ಅಂತಃಪ್ರಜ್ಞೆ ಮಸುಕಾಗಿದೆ ಎನ್ನುತ್ತಾರೆ. ಇದರ ನಡುವೆ, ಆರನೇ ತರಗತಿಯಲ್ಲಿರುವ ಮಗನನ್ನು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಓದುವುದನ್ನು ಕಲಿಸುವ ತರಗತಿಯೊಂದಕ್ಕೆ ಸೇರಿಸಬೇಕೆಂದು ಮನೆಯಲ್ಲಿ ಒತ್ತಾಯ ನಡೆದಿದೆ.

ನನಗೆ ಬೇಕಾದದ್ದು ಸಿದ್ಧಿಯಲ್ಲ. ಮನಸ್ಸು ನಿಚ್ಚಳವಾಗಿ, ಒಳಗೆ ಹೊಳೆಯುವುದನ್ನು ಕೇಳಿಸಿಕೊಳ್ಳುವಷ್ಟು ಶಾಂತವಾಗಿರಬೇಕು ಎನ್ನುವುದೇ ಆಸೆ. ಅದಕ್ಕೆ ಮನೆಯಲ್ಲಿ ಮಾಡುವಂಥದ್ದು ಏನಿದೆ, ನಾನು ಕಾಣುತ್ತಿರುವ ಬೆಳಕು ಏನು, ಈ ಗ್ರಂಥಿಯ ಮಾತಿನಲ್ಲಿ ಹುರುಳೆಷ್ಟು ಎಂಬುದನ್ನು ಬಲ್ಲವರು ಬಿಡಿಸಿ ಹೇಳಬೇಕೆಂದು ವಿನಂತಿ.

ಧಾರವಾಡದ ಯೋಗ ಶಿಕ್ಷಕಿ

ಟೀಚರ್ ಅವರಿಗೆ ನಮಸ್ಕಾರ. ಮೊದಲು, ಮೂರನೇ ಕಣ್ಣಿನ ಜಾಗವೆಂದು ಹೇಳುವ ಆಜ್ಞಾಚಕ್ರದ ಬಗ್ಗೆ ಶಾಸ್ತ್ರ ಏನು ಹೇಳುತ್ತದೆ ಎಂಬುದನ್ನು ನೋಡಿ, ಆಮೇಲೆ ಅಭ್ಯಾಸಕ್ಕೆ ಬರೋಣ. ಮೂಲಾಧಾರ, ಸ್ವಾಧಿಷ್ಠಾನ, ಮಣಿಪೂರ, ಅನಾಹತ, ವಿಶುದ್ಧಿ ಎಂಬ ಐದು ಚಕ್ರಗಳ ಮೇಲೆ, ಹುಬ್ಬುಗಳ ನಡುವಿನ ಸ್ಥಾನದಲ್ಲಿ, ಎರಡು ದಳದ ಕಮಲವಾಗಿ ಆಜ್ಞಾಚಕ್ರವನ್ನು ತಂತ್ರ ಗ್ರಂಥಗಳು ವರ್ಣಿಸುತ್ತವೆ. ಪ್ರಾಣ ಹರಿಯುವ ದಾರಿಗಳೆನ್ನುವ ಇಡಾ, ಪಿಂಗಳಾ, ಸುಷುಮ್ನಾ ನಾಡಿಗಳು ಕೂಡುವ ಜಾಗ ಅದೇ. ಭಗವದ್ಗೀತೆಯ 5ನೇ ಅಧ್ಯಾಯದ 27ನೇ ಶ್ಲೋಕವೂ ದೃಷ್ಟಿಯನ್ನು ಹುಬ್ಬುಗಳ ನಡುವೆ ನಿಲ್ಲಿಸಿ, ಮೂಗಿನೊಳಗೆ ಚಲಿಸುವ ಪ್ರಾಣ ಅಪಾನಗಳನ್ನು ಸಮ ಮಾಡಿಕೊಳ್ಳುವ ಮಾತನ್ನು ಹೇಳುತ್ತದೆ. ಮರುಶ್ಲೋಕದಲ್ಲಿ ಇದರ ಫಲವೆಂದು ಹೇಳಿರುವುದು ಇಚ್ಛೆ, ಭಯ, ಕ್ರೋಧಗಳು ಹೋಗುವುದನ್ನು; ನಾಳೆ ನಡೆಯುವುದು ಇಂದೇ ಕಾಣುತ್ತದೆ ಎಂಬ ಮಾತು ಅಲ್ಲಿಲ್ಲ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಕೂತರೆ ಅಭ್ಯಾಸ ದಾರಿ ತಪ್ಪುವುದಿಲ್ಲ.

ಕೂಡುವ ಜಾಗ ಮತ್ತು ಹೊತ್ತು ಒಂದೇ ಇರಲಿ. ಬೆನ್ನು ನೆಟ್ಟಗಿದ್ದರೆ ಸಾಕು, ಪದ್ಮಾಸನವೇ ಆಗಬೇಕೆಂದಿಲ್ಲ, ಮಂಡಿನೋವಿದ್ದವರು ಕುರ್ಚಿಯ ಮೇಲೆ ಕೂತರೂ ನಡೆಯುತ್ತದೆ. ಮೊದಲು ಉಸಿರನ್ನು ಹಿಡಿಯದೆ, ತಳ್ಳದೆ, ಅದು ಬಂದು ಹೋಗುವುದನ್ನು ಮೂಗಿನ ಹೊಳ್ಳೆಯ ಅಂಚಿನಲ್ಲಿ ಗಮನಿಸಿ. ಮನಸ್ಸು ಆಚೆ ಹೋದದ್ದು ಗೊತ್ತಾದ ಕೂಡಲೇ ಮರಳಿ ತನ್ನಿ. ಆ ಗೊತ್ತಾಗುವಿಕೆಯೇ ಅಭ್ಯಾಸದ ತಿರುಳು, ಮನಸ್ಸು ಓಡಿತೆಂದು ಬೇಸರ ಬೇಡ. ಬಳಿಕ ನಾಡಿಶೋಧನವನ್ನು ಕುಂಭಕವಿಲ್ಲದೆ (ಉಸಿರು ಹಿಡಿಯದೆ), ಒಂದು ಹೊಳ್ಳೆಯಿಂದ ಎಳೆದು ಇನ್ನೊಂದರಿಂದ ಬಿಡುತ್ತಾ, ಕೆಲವು ಸುತ್ತು ಮಾಡಬಹುದು. ಆಮೇಲೆ ಭ್ರಾಮರಿ. ತುಟಿ ಮುಚ್ಚಿ, ಹಲ್ಲು ತಾಗದಂತೆ ಬಿಟ್ಟು, ಕಿವಿಯ ಮುಂದಿನ ಸಣ್ಣ ಮೃದ್ವಸ್ಥಿಯನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ಕಿವಿ ಮುಚ್ಚಿಕೊಂಡು, ಉಸಿರು ಬಿಡುವಾಗ ತಗ್ಗಿದ ಸ್ವರದಲ್ಲಿ ಗುಂಯ್ ಎನ್ನುವ ನಾದ ಹೊರಡಿಸಬೇಕು. ಐದಾರು ಸಲ ಮಾಡಿದ ಮೇಲೆ ನಾದ ನಿಲ್ಲಿಸಿದರೂ ಹಣೆಯಲ್ಲಿ ಕಂಪನ ಉಳಿದಂತಿರುತ್ತದೆ, ಆಗ ಗಮನವನ್ನು ಅಲ್ಲಿಯೇ ಬಿಟ್ಟು ಸುಮ್ಮನೆ ಕೂಡುವುದು. ಹುಬ್ಬಿನ ನಡುವೆ ಗಮನ ನಿಲ್ಲಿಸಲು ನನಗೆ ಗೊತ್ತಿರುವ ಎಲ್ಲಕ್ಕಿಂತ ಸುಲಭದ ದಾರಿ ಇದು.

ತ್ರಾಟಕ ಕೊನೆಗೆ. ಹಠಯೋಗ ಪ್ರದೀಪಿಕೆ ಎಂಬ ಗ್ರಂಥ ಇದನ್ನು ಷಟ್ಕರ್ಮಗಳಲ್ಲಿ (ಆರು ಶುದ್ಧಿಕ್ರಿಯೆಗಳಲ್ಲಿ) ಒಂದೆಂದು ಎಣಿಸಿ, ಸಣ್ಣ ಗುರಿಯನ್ನು ಕಣ್ಣೀರು ಬರುವವರೆಗೆ ಅಲುಗದ ದೃಷ್ಟಿಯಿಂದ ನೋಡಬೇಕೆನ್ನುತ್ತದೆ. ತುಪ್ಪದ ಅಥವಾ ಹರಳೆಣ್ಣೆಯ ದೀಪವನ್ನು ಕಣ್ಣಿನ ಮಟ್ಟಕ್ಕೆ, ಎರಡು ಮೂರು ಅಡಿ ದೂರದಲ್ಲಿ, ಮಣೆಯ ಮೇಲಿಟ್ಟುಕೊಳ್ಳಿ. ಫ್ಯಾನ್ ಬಂದ್ ಮಾಡಿ, ಕಿಟಕಿ ಮುಚ್ಚಿ. ಉರಿಯ ತುದಿ ಓಲಾಡುತ್ತದೆ, ಅದನ್ನು ಹಿಂಬಾಲಿಸದೆ ಬತ್ತಿಯ ಮೇಲಿನ ನಿಶ್ಚಲ ಭಾಗವನ್ನು ನೋಡಿ. ಮೊದಮೊದಲು ಒಂದು ನಿಮಿಷ ಬಹಳವಾಯಿತು. ಕಣ್ಣು ಉರಿಯುವ ಮೊದಲೇ ಮುಚ್ಚಿದರೆ ಆ ಉರಿಯ ರೂಪ ಕಣ್ಣೊಳಗೆ ಮೂಡುತ್ತದೆ; ಅದು ಪಕ್ಕಕ್ಕೆ ಸರಿದರೆ ಎಳೆದು ತರಬೇಡಿ, ಕರಗಿದರೆ ಮತ್ತೆ ಕಣ್ಣು ತೆರೆಯಿರಿ. ಒಟ್ಟು ಹತ್ತು ನಿಮಿಷ ದಾಟುವ ಅಗತ್ಯವಿಲ್ಲ.

ನಿಮ್ಮ ಬಿಗಿತದ ಬಗ್ಗೆ ಒಂದು ಮಾತು. ಗಮನವನ್ನು ಹುಬ್ಬಿನ ನಡುವೆ ಇಡಿ ಎಂದರೆ ಬಹಳ ಜನ ಮುಚ್ಚಿದ ಕಣ್ಣಿನ ಗುಡ್ಡೆಗಳನ್ನೇ ಮೇಲಕ್ಕೆ ತಿರುಗಿಸಿ ಹಣೆ ಗಂಟಿಕ್ಕುತ್ತಾರೆ. ಆಗ ಆ ಜಾಗದ ಸ್ನಾಯು ಬಿಗಿಯಾಗಿ ಭಾರವೆನಿಸುತ್ತದೆ, ಕೆಲವರಿಗೆ ತಲೆನೋವೂ ಬರುತ್ತದೆ. ಕಣ್ಣು ತಾನಿದ್ದಲ್ಲಿ ಸಡಿಲವಾಗಿರಲಿ, ದವಡೆಯೂ ಸಡಿಲವಿರಲಿ. ಹಾಗೆ ಕೂತಾಗಲೂ ಬಿಗಿತ ಉಳಿಯುತ್ತದೆಯೇ ನೋಡಿ ಬರೆಯಿರಿ.

ಉಣಕಲ್‌ನ ಕಣ್ಣಿನ ಡಾಕ್ಟರ್

ಶಿಕ್ಷಕಿಯವರು ಹೇಳಿದ ಕ್ರಮ ಸುರಕ್ಷಿತವಾಗಿದೆ. ನಾನು ವೈದ್ಯಕೀಯದ ಕಡೆಯಿಂದ ಕೆಲವು ಮಾತು ಸೇರಿಸುತ್ತೇನೆ.

ದೀಪ ನೋಡಿ ಕಣ್ಣು ಮುಚ್ಚಿದಾಗ ಕಾಣುವ ರೂಪ ಅಕ್ಷಿಪಟಲದಲ್ಲಿ ಉಳಿದ ಛಾಯೆ. ಒಂದೇ ಜಾಗದ ಗ್ರಾಹಕ ಕೋಶಗಳು ಬೆಳಕಿಗೆ ದಣಿದಿರುವುದರಿಂದ, ಹಳದಿ ಉರಿ ನೋಡಿದವರಿಗೆ ಅದರ ಎದುರು ಬಣ್ಣವಾದ ನೀಲಿ ಅಥವಾ ನೇರಳೆ ಛಾಯೆ ಕಾಣುವುದು ಸಹಜ. ಟೀಚರ್ ಅವರು ದೀಪ ಹಚ್ಚಿದ ಕೋಣೆಯಲ್ಲಿಯೇ ಕೂಡುತ್ತೇನೆಂದು ಬರೆದಿದ್ದಾರೆ, ಹಾಗಾಗಿ ಅವರು ಕಂಡ ಬಣ್ಣಕ್ಕೆ ಇದು ಒಂದು ಕಾರಣವಾಗಿರಬಹುದು. ದೀಪವಿಲ್ಲದೆ ಕತ್ತಲಲ್ಲಿ ಕೂತವರಿಗೂ ಬಣ್ಣ ಮತ್ತು ಚುಕ್ಕಿಗಳು ಕಾಣುತ್ತವೆ. ನಿದ್ದೆಯ ಅಂಚಿಗೆ ಜಾರುವಾಗ ಚಿತ್ರಗಳು ಮೂಡುವುದು ಆರೋಗ್ಯವಂತ ಮಿದುಳಿನ ಲಕ್ಷಣವೇ. ಆದರೆ ಕಣ್ಣು ತೆರೆದಿರುವಾಗ ಮಿಂಚು ಹೊಡೆದಂತೆ ಬೆಳಕು, ಹೊಸದಾಗಿ ತೇಲುವ ಕಪ್ಪು ಚುಕ್ಕಿಗಳು, ಪರದೆ ಇಳಿದಂತೆ ಮಸುಕು ಕಂಡರೆ ಅದನ್ನು ಸಾಧನೆಯ ಫಲವೆಂದು ತಿಳಿದು ಮನೆಯಲ್ಲಿ ಕೂಡಬೇಡಿ. ಅಕ್ಷಿಪಟಲ ಕಿತ್ತು ಬರುತ್ತಿರುವ ಸೂಚನೆ ಅದಾಗಿರಬಹುದು, ಅಂದೇ ತೋರಿಸಬೇಕು.

ಕಣ್ಣಿನ ಗುಡ್ಡೆಯನ್ನು ಬೆರಳಿನಿಂದ ಒತ್ತಿ ಬೆಳಕು ಕಾಣುವ ಪದ್ಧತಿಯನ್ನು ಕೆಲವರು ಹೇಳಿಕೊಡುತ್ತಾರೆ, ಅದನ್ನು ಮಾಡಬೇಡಿ. ಉದಯಿಸುವ ಸೂರ್ಯನನ್ನು ದಿಟ್ಟಿಸುವುದರಿಂದ ಅಕ್ಷಿಪಟಲದ ನಡುಭಾಗ ಸುಟ್ಟು, ಓದುವ ದೃಷ್ಟಿ ಶಾಶ್ವತವಾಗಿ ಹೋಗಬಹುದು. ಗ್ಲಾಕೋಮಾ, ಮೂರ್ಛೆರೋಗ, ಮೈಗ್ರೇನ್ ಇದ್ದವರು ಮತ್ತು ಈಚೆಗೆ ಕಣ್ಣಿನ ಆಪರೇಷನ್ ಆದವರು ತ್ರಾಟಕವನ್ನು ವೈದ್ಯರನ್ನು ಕೇಳದೆ ಮಾಡಬಾರದು.

ಪೀನಿಯಲ್ ಗ್ರಂಥಿ ಮಿದುಳಿನ ನಡುವೆ ಆಳದಲ್ಲಿದೆ, ಸುಮಾರು 5ರಿಂದ 8 ಮಿಲಿಮೀಟರ್ ಉದ್ದ. ಕತ್ತಲಾದಾಗ ಅದು ಮೆಲಟೋನಿನ್ ಸ್ರವಿಸಿ ದೇಹಕ್ಕೆ ರಾತ್ರಿಯ ಸುಳಿವು ಕೊಡುತ್ತದೆ; ಈ ಹಾರ್ಮೋನನ್ನು 1958ರಲ್ಲಿ ಅಮೆರಿಕದ ಆರನ್ ಲರ್ನರ್ ಬೇರ್ಪಡಿಸಿದರು. ಕೆಲವು ಜಾತಿಯ ಓತಿಗಳ ನೆತ್ತಿಯ ಮೇಲೆ, ಇದೇ ಗ್ರಂಥಿಯ ಸಂಬಂಧಿ ಅಂಗವೊಂದು ಬೆಳಕನ್ನು ಗ್ರಹಿಸುವ ಕಣ್ಣಾಗಿಯೇ ಇದೆ. 17ನೇ ಶತಮಾನದಲ್ಲಿ ಫ್ರೆಂಚ್ ತತ್ತ್ವಜ್ಞಾನಿ ಡೆಕಾರ್ಟ್ ಈ ಗ್ರಂಥಿಯನ್ನು ಆತ್ಮದ ನೆಲೆ ಎಂದ. 19ನೇ ಶತಮಾನದ ಕೊನೆಯಲ್ಲಿ ಥಿಯಾಸಫಿ ಎಂಬ ಆಧ್ಯಾತ್ಮಿಕ ಪಂಥದ ಬ್ಲಾವಟ್ಸ್ಕಿ ಅದನ್ನು ಮೂರನೇ ಕಣ್ಣಿನೊಂದಿಗೆ ಜೋಡಿಸಿದರು. ನಮ್ಮ ಹಳೆಯ ಯೋಗ ಗ್ರಂಥಗಳಲ್ಲಿ ಈ ಗ್ರಂಥಿಯ ಹೆಸರಿಲ್ಲ. ಹಾಗಾಗಿ ಆಜ್ಞಾಚಕ್ರ ಎಂದರೆ ಪೀನಿಯಲ್ ಎಂಬ ಸಮೀಕರಣ ಪಶ್ಚಿಮದಿಂದ ಬಂದು ನಮ್ಮಲ್ಲಿ ಪ್ರಾಚೀನವೆಂದು ಮಾರಾಟವಾಗುತ್ತಿದೆ, ಇದು ನನಗೆ ನಿಜಕ್ಕೂ ಬೇಸರದ ವಿಷಯ. ಗ್ರಂಥಿಗೆ ಒಳ್ಳೆಯದಾಗಬೇಕೆಂದರೆ ರಾತ್ರಿ ಮಲಗುವ ಮುನ್ನ ಮೊಬೈಲ್ ದೂರ ಇಡಿ, ಬೆಳಿಗ್ಗೆ ಹೊರಗಿನ ಬೆಳಕಿನಲ್ಲಿ ನಡೆಯಿರಿ.

ಮಗನ ತರಗತಿಯ ಬಗ್ಗೆ: ಬಟ್ಟೆ ಹೇಗೇ ಕಟ್ಟಿದರೂ ಮೂಗಿನ ಎರಡೂ ಪಕ್ಕ ಸಣ್ಣ ಸಂದು ಉಳಿಯುತ್ತದೆ, ಅಲ್ಲಿಂದ ಕೆಳಗೆ ಹಿಡಿದ ಹಾಳೆ ಕಾಣುತ್ತದೆ. ಪ್ರದರ್ಶನ ನೋಡಲು ಹೋದರೆ, ಪುಸ್ತಕವನ್ನು ಮಗುವಿನ ಎದೆಯ ಬಳಿ ಇಡದೆ ಹಣೆಗಿಂತ ಮೇಲೆ ಹಿಡಿದು ಓದಲು ಹೇಳಿ, ಅಥವಾ ಗದ್ದದ ಕೆಳಗೆ ಒಂದು ರಟ್ಟು ಅಡ್ಡ ಹಿಡಿಯಿರಿ. ಮಂಗಳೂರಿನ ವಿಚಾರವಾದಿ ನರೇಂದ್ರ ನಾಯಕ್ ಅವರು ಇಂಥ ಪ್ರದರ್ಶನಗಳ ಹಿಂದಿನ ಕೈಚಳಕವನ್ನು ವರ್ಷಗಳಿಂದ ಬಯಲು ಮಾಡುತ್ತಾ ಬಂದಿದ್ದಾರೆ.

ಮುಂಡರಗಿ

ಫ್ಲೋರೈಡ್ ವಿಷಯಕ್ಕೆ ನಮ್ಮ ತಾಲ್ಲೂಕಿನವನಾಗಿ ಒಂದು ಮಾತು ಹೇಳಲೇಬೇಕು. ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರು ಸಿಗದಿದ್ದಾಗಲೂ 1.5 ದಾಟಬಾರದು ಎಂದು ಭಾರತೀಯ ಮಾನಕ ಹೇಳುತ್ತದೆ. ದಾಟಿದ ನೀರು ಕುಡಿದವರ ಹಲ್ಲಿನ ಮೇಲೆ ಕಂದು ಪಟ್ಟೆ ಬೀಳುವುದನ್ನು, ಹಿರಿಯರು ಬೆನ್ನು ಮಂಡಿ ಬಗ್ಗಿಸಲಾಗದೆ ನರಳುವುದನ್ನು ನಾವು ಮನೆಮನೆಯಲ್ಲಿ ನೋಡಿದ್ದೇವೆ. ಅದೇ ನಿಜವಾದ ಕಷ್ಟ. ಅದಕ್ಕೆ ಬೇಕಾದದ್ದು ಶುದ್ಧ ನೀರಿನ ಘಟಕದ ನೀರು ಮತ್ತು ಕೊಳವೆಬಾವಿ ನೀರಿನ ಪರೀಕ್ಷೆ. "ಗ್ರಂಥಿ ಶುದ್ಧಿ" ಎಂದು ಮಾರುವ ಪುಡಿ, ಕಷಾಯಗಳಿಂದ ಮೂಳೆಗೆ ಸೇರಿದ ಫ್ಲೋರೈಡ್ ಹೊರಬರುವುದಿಲ್ಲ. ನಮ್ಮ ಊರಿನವರ ನೋವನ್ನು ಮೂರನೇ ಕಣ್ಣಿನ ಜಾಹೀರಾತಿಗೆ ಬಳಸುವುದನ್ನು ಕಂಡರೆ ಹೊಟ್ಟೆ ಉರಿಯುತ್ತದೆ.

ಉಣಕಲ್‌ನ ಕಣ್ಣಿನ ಡಾಕ್ಟರ್

ಮುಂಡರಗಿಯವರ ಮಾತು ಸರಿ. ವಯಸ್ಸಾದಂತೆ ಪೀನಿಯಲ್‌ನಲ್ಲಿ ಸುಣ್ಣದ ಅಂಶ ಕೂಡುವುದು ಬಹಳ ಜನರಲ್ಲಿ ಸ್ಕ್ಯಾನ್ ಮಾಡಿದಾಗ ಕಾಣುತ್ತದೆ, ಆ ಸುಣ್ಣಕ್ಕೆ ಫ್ಲೋರೈಡ್ ಅಂಟುವುದೂ ಉಂಟು. ಅದರಿಂದ ಒಬ್ಬರ ಅಂತಃಪ್ರಜ್ಞೆ ಕುಗ್ಗುತ್ತದೆ ಅಥವಾ ತೆಗೆದರೆ ಹಿಗ್ಗುತ್ತದೆ ಎನ್ನಲು ಆಧಾರವಿಲ್ಲ.

ಬ್ಯಾಡಗಿ ದಲಾಲಿ ಅಂಗಡಿ

ನಾನು ಯೋಗ ಬಲ್ಲವನಲ್ಲ, ಮೆಣಸಿನಕಾಯಿ ಬಲ್ಲವನು. ಅಂತಃಪ್ರಜ್ಞೆ ಎಂಬುದನ್ನು ನಾನು ಮಾರುಕಟ್ಟೆಯಲ್ಲಿ ಕಂಡಿರುವುದರಿಂದ ಬರೆಯುತ್ತಿದ್ದೇನೆ. ನಮ್ಮ ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಬಂತು. ಕಡ್ಡಿ, ಡಬ್ಬಿ ಎಂದು ಅದರಲ್ಲಿ ಬಗೆಗಳಿವೆ. ಹಳೆಯ ಖರೀದಿದಾರರೊಬ್ಬರು ಲಾಟಿನ (ಮಾರಾಟಕ್ಕಿಟ್ಟ ಚೀಲಗಳ ಸಾಲಿನ) ಮುಂದೆ ಬಂದು ನಿಲ್ಲುವುದನ್ನು ನೋಡಬೇಕು. ಚೀಲದ ಬಾಯಿಯಿಂದಲ್ಲ, ಒಳಗೆ ಮೊಣಕೈವರೆಗೆ ಕೈ ತೂರಿಸಿ ಒಂದು ಹಿಡಿ ತೆಗೆಯುತ್ತಾರೆ. ಕಿವಿಯ ಹತ್ತಿರ ಹಿಡಿದು ಅಲುಗಾಡಿಸುತ್ತಾರೆ, ಒಣಗಿದ ಕಾಯಿಯಲ್ಲಿ ಬೀಜ ಗಲಗಲ ಎನ್ನುತ್ತದೆ. ಮುಷ್ಟಿಯಲ್ಲಿ ಹಿಚುಕಿ ಬಿಡುತ್ತಾರೆ, ಹಸಿ ಉಳಿದಿದ್ದರೆ ಕಾಯಿ ಮುರಿಯದೆ ಮಡಚಿಕೊಳ್ಳುತ್ತದೆ. ತೊಟ್ಟಿನ ಬಣ್ಣ ನೋಡುತ್ತಾರೆ, ಹೆಬ್ಬೆರಳಿಗೆ ಹತ್ತಿದ ಕೆಂಪನ್ನು ಬೆಳಕಿಗೆ ಹಿಡಿಯುತ್ತಾರೆ, ಮೂಸುತ್ತಾರೆ. ಇಷ್ಟೆಲ್ಲ ಮುಗಿಯಲು ನೀರು ಕುಡಿಯುವಷ್ಟು ಹೊತ್ತೂ ಬೇಡ, ದರ ಮನಸ್ಸಿನಲ್ಲಿ ಬಂದಿರುತ್ತದೆ. "ಇದು ಶೀತಲಗೃಹದಲ್ಲಿ ಕೂತು ಬಂದ ಕಾಯಿ" ಎಂದು ಅವರು ಹೇಳಿದರೆ ಅದು ಹಾಗೆಯೇ ಇರುತ್ತದೆ. ಹೇಗೆ ತಿಳಿಯಿತು ಎಂದು ಕೇಳಿದರೆ ಹೇಳಲು ಬರುವುದಿಲ್ಲ.

ಹೊಸ ಹುಡುಗರಿಗೆ ಇದು ಬರಲು ಹಲವು ಹಂಗಾಮು ಬೇಕು. ಬರುವುದು ಏಕೆಂದರೆ, ಅಂದೇ ಟೆಂಡರ್ ದರ ಹೊರಬೀಳುತ್ತದೆ, ತನ್ನ ಅಂದಾಜು ಎಷ್ಟು ತಪ್ಪಿತು ಎಂಬುದು ಎದುರಿಗೇ ಕಾಣುತ್ತದೆ. ಆದ್ದರಿಂದ ಟೀಚರ್ ಅವರು ಕಣ್ಣು ಮುಚ್ಚಿ ಕೂಡುವುದರ ಜೊತೆಗೆ, ಮನಸ್ಸಿಗೆ ಹೊಳೆದದ್ದನ್ನು ಬರೆದಿಡುವ ಒಂದು ವಹಿ ಮಾಡಿದರೆ ಒಳ್ಳೆಯದು. ಅಂಗಡಿಯ ಖಾತೆಯಲ್ಲಿ ಜಮಾ ಬರೆದು ಖರ್ಚು ಬಿಟ್ಟರೆ ಹೇಗೆ ನಡೆಯುವುದಿಲ್ಲವೋ, ನಿಜವಾದ ಸೂಚನೆಗಳನ್ನಷ್ಟೇ ನೆನಪಿಟ್ಟುಕೊಂಡರೆ ಇದೂ ನಡೆಯುವುದಿಲ್ಲ.

ಬೆಟಗೇರಿ ಟೀಚರ್

ಎಲ್ಲರಿಗೂ ಕೃತಜ್ಞಳು. ಶಿಕ್ಷಕಿ ಅಕ್ಕನವರು ಹೇಳಿದಂತೆ ಕಣ್ಣನ್ನು ಸಡಿಲ ಬಿಟ್ಟು, ದೀಪವಿಲ್ಲದ ಕೋಣೆಯಲ್ಲಿ ಕೂತು ನೋಡಿದೆ. ಹಣೆಯ ಬಿಗಿತ ಬಹುಮಟ್ಟಿಗೆ ಹೋಯಿತು, ನೀಲಿ ಬಣ್ಣವೂ ಮಸುಕಾಯಿತು. ಭ್ರಾಮರಿಯ ಆಮೇಲಿನ ಮೌನ ನನಗೆ ಬಹಳ ಹಿತವಾಗಿದೆ.

ದಲಾಲರ ಮಾತಿನಿಂದ ಒಂದು ಪ್ರಶ್ನೆ ಹುಟ್ಟಿತು. ಮೆಣಸಿನಕಾಯಿಗೆ ದರ ಇದೆ, ಅಂದೇ ಉತ್ತರ ಸಿಗುತ್ತದೆ. ನನ್ನ ಮನಸ್ಸಿನಲ್ಲಿ ಬರುವುದು "ಇವತ್ತು ಹೊರಗೆ ಹೋಗಬಾರದು", "ಈ ಸಂಬಂಧ ಕೂಡಿಬರುವುದಿಲ್ಲ" ಎಂಬಂಥವು. ಅದು ಸೂಚನೆಯೋ, ನನ್ನ ಭಯವೋ, ಹೇಗೆ ತಿಳಿಯಬೇಕು?

ಮನಃಶಾಸ್ತ್ರದ ಉಪನ್ಯಾಸಕ, ಧಾರವಾಡ

ಟೀಚರ್ ಕೇಳಿರುವುದೇ ಈ ವಿಷಯದ ಕೇಂದ್ರ ಪ್ರಶ್ನೆ. ಡೇನಿಯಲ್ ಕಾಹ್ನಮನ್ ಮತ್ತು ಗ್ಯಾರಿ ಕ್ಲೈನ್ ಎಂಬ ಇಬ್ಬರು ಮನಃಶಾಸ್ತ್ರಜ್ಞರು, ಅಂತಃಪ್ರಜ್ಞೆಯ ಬಗ್ಗೆ ವಿರುದ್ಧ ನಿಲುವು ಉಳ್ಳವರು, 2009ರಲ್ಲಿ ಕೂಡಿ ಬರೆದ ಲೇಖನದಲ್ಲಿ ಎರಡು ಷರತ್ತುಗಳನ್ನು ಒಪ್ಪಿಕೊಂಡರು. ಮನಸ್ಸಿಗೆ ಹೊಳೆದದ್ದನ್ನು ನಂಬಬೇಕಾದರೆ ಆ ಕ್ಷೇತ್ರದಲ್ಲಿ ಕ್ರಮಬದ್ಧವಾದ ಸುಳಿವುಗಳಿರಬೇಕು, ಮತ್ತು ಆ ಸುಳಿವುಗಳನ್ನು ದೀರ್ಘ ಕಾಲ, ತಪ್ಪು ಸರಿಯ ಉತ್ತರದೊಂದಿಗೆ ಕಲಿಯುವ ಅವಕಾಶ ಸಿಕ್ಕಿರಬೇಕು. ಕ್ಲೈನ್ ಅಧ್ಯಯನ ಮಾಡಿದ್ದು ಅಗ್ನಿಶಾಮಕ ದಳದ ಅನುಭವಿ ಅಧಿಕಾರಿಗಳನ್ನು. ಅವರು ಆಯ್ಕೆಗಳನ್ನು ತೂಗದೆಯೇ ಪರಿಸ್ಥಿತಿಯನ್ನು ಗುರುತಿಸಿ ಸರಿಯಾದ ಆಜ್ಞೆ ಕೊಡುತ್ತಿದ್ದರು. ಬ್ಯಾಡಗಿಯ ಖರೀದಿದಾರರೂ ಇದೇ ಸಾಲಿನವರು. ಎರೆಹೊಲದ ಮಣ್ಣನ್ನು ಹಿಡಿಯಲ್ಲಿ ಉಂಡೆ ಕಟ್ಟಿ ನೋಡಿ ಕೂರಿಗೆ ಹೂಡುವ ಹದ ಹೇಳುವ ನಮ್ಮ ರೈತರೂ ಅಷ್ಟೇ. ಟೀಚರ್, ನಿಮ್ಮ ತರಗತಿಯಲ್ಲಿ ಯಾವ ಮಗುವಿಗೆ ಭಿನ್ನರಾಶಿ ಅರ್ಥವಾಗಿಲ್ಲ ಎಂಬುದು ಅದು ಬಾಯಿ ಬಿಡುವ ಮೊದಲೇ ನಿಮಗೆ ತಿಳಿಯುತ್ತದಲ್ಲ, ಅದನ್ನು ನೀವು ನಂಬಬಹುದು. ಲಾಟರಿ, ಶೇರು, ದೂರದ ಅಪಘಾತ ಇವುಗಳ ಬಗ್ಗೆ ಬಂದ "ಸೂಚನೆ"ಗೆ ಅಂಥ ತಳಪಾಯವಿಲ್ಲ.

ಭಯ ಮತ್ತು ಅಂತಃಪ್ರಜ್ಞೆ ಎರಡೂ ದೇಹದ ಮೂಲಕವೇ ಬರುತ್ತವೆ, ಆದ್ದರಿಂದ ಕೇವಲ ಎದೆಬಡಿತದಿಂದ ಬೇರ್ಪಡಿಸಲಾಗದು. ನಾನು ವಿದ್ಯಾರ್ಥಿಗಳಿಗೆ ಹೇಳುವುದು ಇಷ್ಟು: ಹೊಳೆದ ಕೂಡಲೇ, ಫಲ ತಿಳಿಯುವ ಮೊದಲೇ, ದಿನಾಂಕ ಹಾಕಿ ಒಂದು ವಾಕ್ಯದಲ್ಲಿ ಬರೆಯಿರಿ. ಅದು ಸರಿಯಾದರೆ ಯಾವ ದಿನದೊಳಗೆ ಏನು ಕಾಣಬೇಕು ಎಂಬುದನ್ನು ಪಕ್ಕದಲ್ಲಿ ಬರೆಯಿರಿ, ಇಲ್ಲದಿದ್ದರೆ ಆಮೇಲೆ ಯಾವುದಕ್ಕಾದರೂ ಹೊಂದಿಸಿಕೊಳ್ಳುತ್ತೇವೆ. ಆ ಹೊತ್ತಿನಲ್ಲಿ ನಿದ್ದೆ ಕೆಟ್ಟಿತ್ತೇ, ಜಗಳವಾಗಿತ್ತೇ, ಹಸಿವಿತ್ತೇ ಎಂಬುದನ್ನೂ ಸೇರಿಸಿ. ಕೆಲವು ತಿಂಗಳ ಬಳಿಕ ಓದಿದರೆ, ಯಾವ ವಿಷಯದಲ್ಲಿ ನಿಮ್ಮ ಮನಸ್ಸು ಸರಿ ಹೇಳುತ್ತದೆ, ಎಲ್ಲಿ ಬರೀ ಆತಂಕ ಮಾತಾಡುತ್ತದೆ ಎಂಬುದು ನಿಮ್ಮ ಕೈಬರಹದಲ್ಲಿಯೇ ಸಿಗುತ್ತದೆ. ನೆನೆದವರ ಫೋನ್ ಬಂದದ್ದು ನಮಗೆ ನೆನಪಿರುತ್ತದೆ; ನೆನೆದರೂ ಬಾರದ ಫೋನ್‌ಗಳನ್ನು ಯಾರೂ ಲೆಕ್ಕ ಇಡುವುದಿಲ್ಲ.

ಧ್ಯಾನದ ಪಾತ್ರ ಇಲ್ಲಿದೆ ಎಂದು ನನ್ನ ಅಭಿಪ್ರಾಯ. ಅದು ಭವಿಷ್ಯ ತೋರಿಸುವುದಿಲ್ಲ, ಆದರೆ ಒಳಗಿನ ಗದ್ದಲ ತಗ್ಗಿದಾಗ ಸಣ್ಣ ಸುಳಿವು ಗಮನಕ್ಕೆ ಬರುತ್ತದೆ.

ಶಿಗ್ಗಾವಿಯ ಶಿವಯೋಗ ಸಾಧಕ

ಶರಣು. ಉಪನ್ಯಾಸಕರ ವಹಿಯ ಸಲಹೆಯನ್ನು ನಾನು ಗೌರವಿಸುತ್ತೇನೆ, ಆದರೆ ಮೂರನೇ ಕಣ್ಣಿನ ಚರ್ಚೆಯನ್ನು ಅಂದಾಜು ಸರಿಯೋ ತಪ್ಪೋ ಎಂಬ ಲೆಕ್ಕಕ್ಕೆ ಇಳಿಸುವುದನ್ನು ಒಪ್ಪಲಾರೆ. ನಮ್ಮ ಕಡೆ ಹೋಳಿ ಹುಣ್ಣಿಮೆಗೆ ಓಣಿಓಣಿಯಲ್ಲಿ ಕಾಮಣ್ಣನನ್ನು ಕೂಡಿಸಿ ಸುಡುತ್ತೇವೆ, ನವಲಗುಂದದ ರಾಮಲಿಂಗ ಕಾಮಣ್ಣನ ದರ್ಶನಕ್ಕೆ ದೂರದೂರಿನಿಂದ ಜನ ಬರುತ್ತಾರೆ. ಶಿವ ಹಣೆಗಣ್ಣು ತೆರೆದಾಗ ಸುಟ್ಟದ್ದು ಕಾಮನನ್ನು. ಬಯಕೆ ಸುಡುವುದಕ್ಕೆಂದು ಇರುವ ಕಣ್ಣನ್ನು ಬಯಕೆ ಈಡೇರಿಸಿಕೊಳ್ಳಲು ತೆರೆಯುತ್ತೇವೆ ಎನ್ನುವವರ ಬಳಿ ಹಣ ಕಟ್ಟಿ ಕಲಿಯುವುದೇನಿದೆ?

ನಮ್ಮ ಪರಂಪರೆಯಲ್ಲಿ ದೃಷ್ಟಿಯ ಸಾಧನೆ ಇಷ್ಟಲಿಂಗದ ಮೂಲಕ ನಡೆಯುತ್ತದೆ. ಎಡ ಅಂಗೈಯಲ್ಲಿ ಲಿಂಗವಿಟ್ಟು, ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು, ಅರೆದೆರೆದ ಕಣ್ಣಿನಿಂದ ಅದರ ಕಪ್ಪು ಹೊಳಪಿನ ಮೇಲೆ ನೋಟ ನಿಲ್ಲಿಸುತ್ತೇವೆ. ಹಿಂದೆ ಇರುವ ದೀಪದ ಬಿಂಬ ಆ ಕಂಥೆಯ (ಲಿಂಗದ ಕಪ್ಪು ಹೊದಿಕೆಯ) ಮೇಲೆ ಸಣ್ಣ ಚುಕ್ಕಿಯಾಗಿ ಬೀಳುತ್ತದೆ. ನೋಟಕ್ಕೆ ಅಷ್ಟೇ ಆಸರೆ, ಕಣ್ಣಿಗೆ ಉರಿ ತಾಗುವುದಿಲ್ಲ. ಷಟ್‌ಸ್ಥಲದ ಕ್ರಮದಲ್ಲಿ, ಅಂದರೆ ಭಕ್ತನಿಂದ ಐಕ್ಯದವರೆಗಿನ ಆರು ಮೆಟ್ಟಿಲುಗಳಲ್ಲಿ, ಆಧಾರ ಚಕ್ರಕ್ಕೆ ಆಚಾರಲಿಂಗ, ಭಕ್ತಸ್ಥಲದಿಂದ ಆರಂಭಿಸಿ, ಆಜ್ಞಾಚಕ್ರಕ್ಕೆ ಮಹಾಲಿಂಗವನ್ನೂ ಐಕ್ಯಸ್ಥಲವನ್ನೂ ಹೇಳಿದ್ದಾರೆ. ಭಕ್ತನಾಗದವನು ಐಕ್ಯನಾಗುವ ಅಡ್ಡದಾರಿ ಇಲ್ಲ. ಆಚಾರ, ಕಾಯಕ, ದಾಸೋಹಗಳನ್ನು ಬಿಟ್ಟು ಬರೀ ಹಣೆಯ ನಡುವೆ ಗಮನವಿಟ್ಟರೆ ಅದು ಬುಡವಿಲ್ಲದ ಸಾಧನೆ. ಪತಂಜಲಿಯೂ ಯೋಗಸೂತ್ರದ ವಿಭೂತಿಪಾದದಲ್ಲಿ ಸಿದ್ಧಿಗಳನ್ನು ವಿವರಿಸುತ್ತಲೇ, ಸಮಾಧಿಗೆ ಅವು ಅಡ್ಡಿ ಎಂದು ಎಚ್ಚರಿಸಿದ್ದಾನೆ.

ಮನಃಶಾಸ್ತ್ರದ ಉಪನ್ಯಾಸಕ, ಧಾರವಾಡ

ಹಿರಿಯರಿಗೆ ನಮಸ್ಕಾರ. ತಾವು ಹೇಳಿದ ಸಾಧನೆಯನ್ನು ವಹಿಯಿಂದ ಅಳೆಯಲಾಗದು, ಒಪ್ಪುತ್ತೇನೆ. ನನ್ನ ಸಲಹೆ ಟೀಚರ್ ಅವರ ಎರಡನೇ ಪ್ರಶ್ನೆಗೆ ಮಾತ್ರ: ಮನಸ್ಸಿಗೆ ಬಂದದ್ದನ್ನು ನಂಬಿ ಮಗಳ ಸಂಬಂಧವನ್ನೋ ಪ್ರಯಾಣವನ್ನೋ ಬಿಡುವವರು, ಬಿಡುವ ಮೊದಲು ಆ ಮನಸ್ಸಿನ ಹಿಂದಿನ ಲೆಕ್ಕ ನೋಡಬೇಕು. ಆ ನಿರ್ಧಾರದಿಂದ ಇನ್ನೊಬ್ಬರ ಬದುಕಿಗೆ ಪೆಟ್ಟಾಗುವಾಗ ಲೆಕ್ಕ ಬೇಡವೆನ್ನಲು ನನಗೆ ಮನಸ್ಸಾಗುವುದಿಲ್ಲ.

ಗದಗ, ಸಂಗೀತ ವಿದ್ಯಾರ್ಥಿ

ಕಣ್ಣಿನ ಬಗ್ಗೆ ಇಷ್ಟು ಮಾತಾಯಿತು, ಕಿವಿಯ ಬಗ್ಗೆಯೂ ಒಂದಿಷ್ಟು ಬರೆಯಲು ಅನುಮತಿಯಿರಲಿ. ನಮ್ಮ ಗದುಗಿನ ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರಿ ಗವಾಯಿಗಳೂ (1892–1944) ಅವರ ಶಿಷ್ಯ ಪುಟ್ಟರಾಜ ಗವಾಯಿಗಳೂ (1914–2010) ಕಣ್ಣಿಲ್ಲದವರು. ಅಂಧ ಮಕ್ಕಳಿಗೆ ಅನ್ನ, ಆಶ್ರಯ, ಸಂಗೀತ ಕೊಟ್ಟ ಆ ಪರಂಪರೆಯನ್ನು ಕುರಿತು ಮಾತಾಡುವಾಗ ಜನ "ಅವರಿಗೆ ಒಳಗಣ್ಣು ಇತ್ತು" ಎನ್ನುತ್ತಾರೆ. ಗೌರವದ ಮಾತೇ ಸರಿ, ಆದರೆ ಅದರಲ್ಲಿ ಅವರ ದುಡಿಮೆ ಮರೆಯಾಗುತ್ತದೆ. ಕಣ್ಣಿಲ್ಲದ ಸಹಪಾಠಿಗಳೊಂದಿಗೆ ಕಲಿತ ನನಗೆ ಗೊತ್ತು: ನಸುಕಿನಲ್ಲಿ ಎದ್ದು ತಂಬೂರಿಯ ಷಡ್ಜಕ್ಕೆ ಕಂಠ ಕೂಡಿಸುವ ರಿಯಾಜ್‌ನಿಂದಲೇ ಅವರ ಕಿವಿ ಹಾಗೆ ಪಳಗಿರುವುದು. ತಬಲಾದವರು ತಿಹಾಯಿ (ಮೂರು ಸಲ ನುಡಿಸುವ ಮುಕ್ತಾಯ) ಎತ್ತುವ ಮೊದಲೇ ಅವರಿಗೆ ಅದು ತಿಳಿಯುತ್ತದೆ, ಏಕೆಂದರೆ ಪಕ್ಕದವರ ಉಸಿರಿನ ಬದಲಾವಣೆಯನ್ನೂ ಅವರು ಕೇಳಿಸಿಕೊಂಡಿರುತ್ತಾರೆ.

ತ್ರಾಟಕ ಆಗದವರಿಗೆ ಒಂದು ಅಭ್ಯಾಸ. ತಂಬೂರಿಯ ನಾದ ಹಾಕಿಕೊಂಡು (ಮೊಬೈಲ್‌ನಲ್ಲಿಯೂ ಸಿಗುತ್ತದೆ), ನಾಲ್ಕು ತಂತಿಗಳಲ್ಲಿ ಒಂದನ್ನು ಮಾತ್ರ ಹಿಡಿದು, ಅದು ಮತ್ತೆ ಬರುವವರೆಗೆ ಅದರ ಗುಂಗನ್ನೇ ಕೇಳುತ್ತಾ ಹೋಗಿ. ಆಮೇಲೆ ನಾದ ನಿಲ್ಲಿಸಿ, ಮನೆಯ ಹೊರಗಿನ ಅತಿ ದೂರದ ಶಬ್ದ ಯಾವುದೆಂದು ಹುಡುಕಿ.

ನರ್ಸಿಂಗ್, ಹುಬ್ಬಳ್ಳಿ

ಇಲ್ಲಿ ಯಾರೂ ಬರೆಯದ ಒಂದು ವಿಷಯವಿದೆ. ಮಾನಸಿಕ ಆರೋಗ್ಯ ವಾರ್ಡಿನಲ್ಲಿ ಕೆಲಸ ಮಾಡುವ ನಾನು, ಹಗಲು ರಾತ್ರಿ ಧ್ಯಾನ, ಉಪವಾಸ, ದೀರ್ಘ ಕುಂಭಕ ಮಾಡಿ ನಿದ್ದೆ ಕಳೆದುಕೊಂಡು ಬಂದ ಎಳೆಯರನ್ನು ನೋಡಿದ್ದೇನೆ. ಯಾರೋ ತಮ್ಮೊಂದಿಗೆ ಮಾತಾಡುತ್ತಾರೆ, ಟಿವಿಯಲ್ಲಿ ತಮಗೇ ಸಂದೇಶ ಬರುತ್ತಿದೆ, ಎಲ್ಲರ ಮನಸ್ಸು ತಮಗೆ ಓದಲು ಬರುತ್ತದೆ ಎಂದು ದೃಢವಾಗಿ ನಂಬಿರುತ್ತಾರೆ. ಮನೆಯವರು ಅದನ್ನು ಮೂರನೇ ಕಣ್ಣು ತೆರೆದ ಲಕ್ಷಣವೆಂದು ತಿಳಿದು ವಾರಗಟ್ಟಲೆ ಕಾಯ್ದಿರುತ್ತಾರೆ. ಮನೆತನದಲ್ಲಿ ಮಾನಸಿಕ ಕಾಯಿಲೆ ಇದ್ದವರು ದೀರ್ಘ ಶಿಬಿರಗಳಿಗೆ ಹೋಗುವ ಮುನ್ನ ವೈದ್ಯರನ್ನು ಕೇಳಲೇಬೇಕು. ನಿದ್ದೆ ಕಡಿಮೆಯಾದರೂ ದಣಿವಿಲ್ಲ ಎನಿಸಿದರೆ, ಧ್ವನಿಗಳು ಕೇಳಿದರೆ ಅಭ್ಯಾಸ ನಿಲ್ಲಿಸಿ, ಧಾರವಾಡದ ಮಾನಸಿಕ ಆರೋಗ್ಯ ಆಸ್ಪತ್ರೆಯಾದ ಡಿಮ್ಹಾನ್ಸ್‌ಗೆ ಕರೆದೊಯ್ಯಿರಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲಿಯೇ ಮಾತಾಡಬಹುದು. ಬೇಗ ಬಂದವರು ಬೇಗ ಗುಣವಾಗುತ್ತಾರೆ.

ಧಾರವಾಡದ ಯೋಗ ಶಿಕ್ಷಕಿ

ನರ್ಸ್ ತಂಗಿ ಬರೆದದ್ದಕ್ಕೆ ನನ್ನ ಪೂರ್ಣ ಒಪ್ಪಿಗೆ ಇದೆ. ಕುಂಭಕವನ್ನು ಗುರುಗಳ ಎದುರಿಗೆ ಕಲಿಯದೆ ವಿಡಿಯೋ ನೋಡಿ ಮಾಡಬಾರದು, ರಕ್ತದೊತ್ತಡ ಇದ್ದವರು ಮತ್ತು ಗರ್ಭಿಣಿಯರು ಅದರ ಗೊಡವೆಗೇ ಹೋಗಬಾರದು.

ಬೆಟಗೇರಿ ಟೀಚರ್

ತರಗತಿಯ ಪ್ರದರ್ಶನಕ್ಕೆ ಮನೆಯವರನ್ನೂ ಕರೆದುಕೊಂಡು ಹೋಗಿ ಬಂದೆ. ಹುಡುಗಿಯೊಬ್ಬಳು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಬಣ್ಣದ ಕಾರ್ಡುಗಳನ್ನು ಒಂದಾದ ಮೇಲೊಂದು ಸರಿಯಾಗಿ ಹೇಳಿದಳು, ಜನ ಚಪ್ಪಾಳೆ ತಟ್ಟಿದರು. ಅವಳು ಪ್ರತಿಸಲ ಕಾರ್ಡನ್ನು ಎದೆಯ ಹತ್ತಿರ ತಂದು, ಮೂಸುವವಳಂತೆ ತಲೆಯನ್ನು ತುಸು ಹಿಂದಕ್ಕೆ ಎತ್ತುತ್ತಿದ್ದಳು. ಡಾಕ್ಟರ್ ಹೇಳಿದಂತೆ, ಕಾರ್ಡನ್ನು ಹಣೆಯ ಮೇಲ್ಭಾಗದಲ್ಲಿ ನಾನೇ ಹಿಡಿಯುತ್ತೇನೆ ಎಂದು ಕೇಳಿಕೊಂಡೆ. ಕಲಿಸುವವರು, ಅನುಮಾನಿಸುವವರು ಹತ್ತಿರ ನಿಂತರೆ ಮಗುವಿನ ಶಕ್ತಿ ಕುಗ್ಗುತ್ತದೆ ಎಂದು ಹೇಳಿ ಕಾರ್ಯಕ್ರಮವನ್ನು ಮುಂದುವರಿಸಿದರು. ಆ ಹುಡುಗಿ ನನ್ನ ಕಡೆ ತಿರುಗಿ ನಿಂತ ರೀತಿ ನೋಡಿ ನನಗೆ ಸಂಕಟವಾಯಿತು. ಶಿಕ್ಷಕಿಯಾಗಿ ಹೇಳುತ್ತೇನೆ, ಮಗುವಿಗೆ ಸುಳ್ಳನ್ನು ಸಾಧನೆಯೆಂದು ಕಲಿಸುವುದು ಹಣ ಹೋಗುವುದಕ್ಕಿಂತ ದೊಡ್ಡ ನಷ್ಟ. ನಾವು ಮುಂಗಡ ಕಟ್ಟದೆ ಬಂದೆವು, ಯಜಮಾನರು ದಾರಿಯಲ್ಲಿ ತಾವಾಗಿಯೇ "ಬೇಡ" ಎಂದರು.

ಈಗ ಮಗ ನನ್ನೊಂದಿಗೆ ಸಂಜೆ ಕೂಡುತ್ತೇನೆ ಎನ್ನುತ್ತಾನೆ. ಆ ವಯಸ್ಸಿನವನಿಗೆ ದೀಪದ ತ್ರಾಟಕ ಹೇಳಿಕೊಡಬಹುದೇ, ಅಕ್ಕನವರೇ?

ಧಾರವಾಡದ ಯೋಗ ಶಿಕ್ಷಕಿ

ದೀಪ ಈಗ ಬೇ‌ಡ ಟೀಚರ್. ಅವನು ಕನ್ನಡಕ ಹಾಕುತ್ತಿದ್ದರಂತೂ ಬೇಡವೇ ಬೇಡ, ಮೊದಲು ಕಣ್ಣು ತೋರಿಸಿ. ಭ್ರಾಮರಿ ಮಕ್ಕಳಿಗೆ ಬಹಳ ಇಷ್ಟವಾಗುತ್ತದೆ, ಐದು ಸಲ ಸಾಕು. ಆಮೇಲೆ ಸಂಗೀತ ವಿದ್ಯಾರ್ಥಿ ಹೇಳಿದ ದೂರದ ಶಬ್ದ ಹುಡುಕುವ ಅಭ್ಯಾಸ ಮಾಡಿಸಿ. ಅವನು ಕೇಳಿದ್ದನ್ನು ನಿಮಗೆ ಹೇಳಲಿ, ನೀವು ಕೇಳಿದ್ದನ್ನು ಅವನಿಗೆ ಹೇಳಿ. ಕೂಡುವ ಹೊತ್ತು ಅವನು ಏಳಬೇಕೆನ್ನುವವರೆಗೆ ಮಾತ್ರ. ಏನಾದರೂ ಕಂಡಿತೇ ಎಂದು ಕೇಳಬೇಡಿ, ಕೇಳಿದರೆ ನಿಮ್ಮನ್ನು ಮೆಚ್ಚಿಸಲು ಮಕ್ಕಳು ಕಂಡಿತೆಂದೇ ಹೇಳುತ್ತಾರೆ. ಪರೀಕ್ಷೆಯ ದಿನಗಳಲ್ಲಿ ಒತ್ತಾಯ ಬೇಡ, ಬೇಗ ಮಲಗಿಸಿ.